ಬರೀ ಟೆಸ್ಟಿಂಗು

ನಮ್ಮ ಟೂವೂಂಬಾ ಊರಿನ ಪಿಸ್ತೂಲು ಕ್ಲಬ್ಬಿನ ಮರ್ವಿನ್ ಸ್ಪರ್ಧೆಗೆ ಬಂದನೆಂದರೆ ಸೊಂಟದಲ್ಲಿ ಹೊಸದೇನಾದರೂ ಇರಲೇಬೇಕು: ಬೆಲ್ಟೋ, ಪಿಸ್ತೂಲಿನ ಒರೆಯೋ, ಏನೂ ಇಲ್ಲದಿದ್ದರೆ ಒರೆಗೊಂದು ಹೊಸ ತಿರುಪಾದರೂ ಸರಿ. ಗುರಿ ತಪ್ಪಿದರೆ, "ಇವತ್ತು ಬರೀ ಟೆಸ್ಟಿಂಗು ಮಾರಾಯ, ಸ್ಕೋರ್ ಬರ್ಕೋಬೇಡ" ಎನ್ನುತ್ತಾನೆ. ತಾಗಿದರೂ ಅದನ್ನೇ ಎನ್ನುತ್ತಾನೆ. ತೀರ್ಪುಗಾರನಾಗಿ ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ, ಈ ಭಾನುವಾರ ಮೊದಲ ಸಲ ಎಡ ಸೊಂಟಕ್ಕೆ ಒರೆ ಕಟ್ಟಿ ಬಂದ. ಪಿಸ್ತೂಲು ಕೈಜಾರಿ ಬಿದ್ದರೆ ಅವನನ್ನು ಸ್ಪರ್ಧೆಯಿಂದ ಹೊರಹಾಕಬೇಕಾದವನು ನಾನೇ. ಜಾರಲಿಲ್ಲ. ಎಡಗೈ ನಿಧಾನವಾಗಿಯೇ ಎಲ್ಲ ಗುಂಡುಗಳನ್ನೂ ಹಾರಿಸಿ ಮುಗಿಸಿತು. ಅವನು ಖಾಲಿ ಪಿಸ್ತೂಲು ತೋರಿಸಿದಾಗ ನಾನು ಎಂದಿನಂತೆ ಪೆನ್ನನ್ನು ಜೇಬಿಗಿಟ್ಟೆ. "ಏಯ್, ಪೆನ್ ಯಾಕೋ ಒಳಗಿಟ್ಟೆ?" ಎಂದ ಮರ್ವಿನ್, "ಸ್ಕೋರ್ ಬರ್ಕೊಳೋ!"