ಆಯುಧ ಪೂಜೆ ಮುಗಿದ ಮೇಲೆ ಬಂದ ಹಳೆಯ ಡ್ರಾಯಿಂಗ್

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಹೊಸೂರಿನ ಮೂಕಂಡಪಲ್ಲಿ ಬಳಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕ. ವಿಭಾಗವೆಂದರೆ ನಾನೊಬ್ಬನೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಿದ್ದರು. ಹೋಗಿ ಹೋಗಿ ಸಾಕಾಗಿತ್ತು.

ಭಾಗದ ಅಳತೆ ಬದಲಾದಾಗಲೆಲ್ಲ ಗಿರಾಕಿ ಕಂಪನಿಯವರು ಹೊಸ ಡ್ರಾಯಿಂಗನ್ನು ಇಮೇಲ್‌ನಲ್ಲಿ ಕಳಿಸುತ್ತಿದ್ದರು. ನನಗಿಂತ ಹಿಂದೆ ಈ ಕೆಲಸದಲ್ಲಿದ್ದವರು ಇಮೇಲ್ ಪ್ರೋಗ್ರಾಂನೊಳಗೆ ಒಂದು ಮ್ಯಾಕ್ರೋ, ಅಂದರೆ ತಾನಾಗಿ ಕೆಲಸ ಮಾಡುವ ಕೆಲವು ಸಾಲುಗಳ ಕೋಡ್, ಬರೆದಿಟ್ಟು ಹೋಗಿದ್ದರು. ಅದು ಆ ದಿನ ತಯಾರಾಗಬೇಕಾದ ಭಾಗದ ಮೇಲ್‌ಗಳನ್ನು ದಿನಾಂಕದಂತೆ ಜೋಡಿಸಿ, ಕೊನೆಯದರ ಡ್ರಾಯಿಂಗ್ ಮುದ್ರಿಸುತ್ತಿತ್ತು. ಬೆಳಿಗ್ಗೆ ಯಂತ್ರದವರಿಗೆ ಕೊಟ್ಟ ಆ ಹಾಳೆಯನ್ನು, ಹಳೆಯದು ಉಳಿದು ಗೊಂದಲವಾಗದಿರಲೆಂದು, ಸಂಜೆ ವಾಪಸ್ ಪಡೆದು ಹರಿದುಹಾಕುವುದು ನಮ್ಮ ಪದ್ಧತಿ.

ಆಯುಧ ಪೂಜೆಯ ರಜೆಯ ನಂತರ ತಯಾರಾದ ಮೊದಲ ಬ್ಯಾಚ್ ಮರುದಿನ ತಪಾಸಣೆಯಲ್ಲಿ ಫೇಲಾಯಿತು. ತೂತುಗಳೆಲ್ಲ ಹಳೆಯ ಅಳತೆಯವು. ಡ್ರಿಲ್ಲಿಂಗ್ ಮಾಡಿದ್ದು ಬಾಗಲೂರಿನ ಮುನಿರತ್ನಮ್ಮ. ಗುತ್ತಿಗೆ ಕೆಲಸ, ದೀಪಾವಳಿಗೆ ಕಾಯಂ ಆಗಬೇಕಿತ್ತು.

"ಕಂಪ್ಯೂಟರ್ ಯಾಕೆ ಹಳೇದು ಕೊಡ್ತೈತೆ? ಆಯಮ್ಮನೇ ಎಲ್ಲೋ ಹಳೇ ಪೇಪರ್ ಇಟ್ಕಂಡಿರ್ತಾಳೆ. ನಾಳೆಯಿಂದ ಬರೋದ್ ಬ್ಯಾಡ ಅಂತ ಹೇಳ್ಬುಡಿ" ಎಂದರು ಮ್ಯಾನೇಜರ್.

ಮುನಿರತ್ನಮ್ಮ ನನ್ನ ಮೇಜಿನ ಬಳಿ ಬಂದು ನಿಂತರು. "ಕೊಟ್ಟಿದ್ ಪೇಪರ್ ನೋಡ್ಕಂಡೇ ಓಡ್ಸಿದ್ದಣ್ಣಾ. ಅದನ್ನ ನೀವೇ ಹರ್ದಾಕ್ಬುಟ್ರಿ. ಈಗ ನಾನೇನ್ ತೋರ್ಸ್ಲಿ?"

ಊಟ ಬಿಟ್ಟು ಕೋಡ್ ಓದುತ್ತ ಕುಳಿತೆ. ಫೋಲ್ಡರಿನ 'ಐಟಮ್ಸ್', ಅಂದರೆ ಅದರೊಳಗಿನ ಮೇಲ್‌ಗಳನ್ನು, ದಿನಾಂಕದಂತೆ ವಿಂಗಡಿಸು, ಫೋಲ್ಡರಿನ 'ಐಟಮ್ಸ್'ನಲ್ಲಿ ಕೊನೆಯದನ್ನು ತೆಗೆ ಎಂದಿತ್ತು. ನೋಡಲು ಸರಿಯೇ. ಆದರೆ 'ಐಟಮ್ಸ್' ಎಂದು ಕೇಳಿದಾಗಲೆಲ್ಲ ಪ್ರೋಗ್ರಾಂ ವಿಂಗಡಿಸದ ಹೊಸದೊಂದು ರಾಶಿ ಕೊಡುತ್ತದೆ. ಒಂದು ಬುಟ್ಟಿಯ ಟೊಮೇಟೊ ಆರಿಸಿಟ್ಟು, ಆರಿಸದ ಬುಟ್ಟಿಗೆ ಕೈ ಹಾಕಿದಂತೆ. ಮೇಲ್‌ಗಳು ಬಂದ ಕ್ರಮದಲ್ಲೇ ಬಿದ್ದಿರುತ್ತಿದ್ದುದರಿಂದ ಇಷ್ಟು ವರ್ಷ ಬಚಾವಾಗಿದ್ದೆವು. ಪೂಜೆಗೆಂದು ಯಂತ್ರ ಒರೆಸಿದ ಹುರುಪಿನಲ್ಲಿ ಆಫೀಸಿನವರು ಕಂಪ್ಯೂಟರನ್ನೂ 'ಕ್ಲೀನ್' ಮಾಡಿದ್ದರು. ಹಳೆಯ ಮೇಲ್‌ಗಳನ್ನು ಬೇರೆ ಫೋಲ್ಡರಿಗೆ ಸಾಗಿಸಿ, ಆಮೇಲೆ ಬೇಕೆನಿಸಿ ವಾಪಸ್ ತಂದಿದ್ದರು. ಹೀಗೆ ಹಳೆಯದು ಕೊನೆಗೆ ಬಂದು ಕುಳಿತಿತ್ತು. ಮಾನಿಟರಿಗೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು.

ಮ್ಯಾನೇಜರನ್ನು ಕರೆದು, ಅವರೆದುರೇ ಮ್ಯಾಕ್ರೋ ಓಡಿಸಿದೆ. ಹಳೆಯ ಡ್ರಾಯಿಂಗೇ ಹೊರಬಂತು. "ಸರಿ, ಆಯಮ್ಮನ್ನ ಬರಾಕ್ ಹೇಳಿ" ಎಂದಷ್ಟೇ ಹೇಳಿ ಹೋದರು. ಸಿಟ್ಟು ಬಂತು, ಜಗಳವಾಡುವ ತ್ರಾಣವಿರಲಿಲ್ಲ. ಮೊದಲು ಸಿಕ್ಕ ರಾಶಿಯನ್ನೇ ಒಂದು ವೇರಿಯಬಲ್‌ನಲ್ಲಿ, ಅಂದರೆ ಹೆಸರಿಟ್ಟ ಒಂದೇ ಬುಟ್ಟಿಯಲ್ಲಿ, ಹಿಡಿದಿಟ್ಟು, ಅದನ್ನೇ ವಿಂಗಡಿಸಿ ಅದರಿಂದಲೇ ತೆಗೆಯುವಂತೆ ಕೋಡ್ ತಿದ್ದಿದೆ.

ದೀಪಾವಳಿಗೆ ಮುನಿರತ್ನಮ್ಮ ಕಾಯಂ ಆದರು. ಆದರೆ ನಾನು ನಿವೃತ್ತನಾಗುವ ತನಕ ಬೆಳಿಗ್ಗೆ ಹಾಳೆ ಹಿಡಿದು ನನ್ನ ಬಳಿ ಬರುವುದನ್ನು ಅವರು ಬಿಡಲಿಲ್ಲ. "ಇದೇ ಕಡೇದಾಣ್ಣಾ? ಒಂದ್ ಸೈನ್ ಹಾಕ್ಕೊಡಿ." ಮ್ಯಾಕ್ರೋ ಸರಿಯಾಗಿದೆ ಎಂದು ಹೇಳಿ ಹೇಳಿ ಸೋತೆ. ಕಂಪ್ಯೂಟರ್ ತಪ್ಪಿದರೆ ಕೆಲಸ ಕಳೆದುಕೊಳ್ಳುವವರು ಯಾರೆಂದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದೂ ಅಷ್ಟನ್ನೇ. ದಿನವೂ ಕೊನೆಯ ಮೇಲ್ ತೆರೆದು ನೋಡಿ, ಸಹಿ ಹಾಕಿಕೊಟ್ಟೆ.