ಗಂಟೆಗೆ ನಲವತ್ತು ರೂಪಾಯಿ

ಬಂಧುಬಳಗ ದೊಡ್ಡದಿರುವುದು ಭಾಗ್ಯ ಎನ್ನುವವರು ಒಮ್ಮೆ ಚಿಕ್ಕಮಗಳೂರಿನ ತನುಜಾಳನ್ನು ಕೇಳಿ ನೋಡಬೇಕು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು. ಎಂಥ ದಡ್ಡನ ತಲೆಗೂ ಲೆಕ್ಕ ಇಳಿಸಬಲ್ಲ ಜಾಣೆ. ಪೇಟೆಯಿಂದ ವಸ್ತಾರೆಯ ತೋಟಗಳವರೆಗೆ ಟ್ಯೂಷನ್‌ಗೆ ಕರೆಯುವವರಿಗೇನೂ ಬರವಿರಲಿಲ್ಲ. ಆದರೆ ಕರೆದವರೆಲ್ಲ ಒಂದಲ್ಲ ಒಂದು ದಾರಿಯಲ್ಲಿ ನೆಂಟರೇ. ನೆಂಟರ ಹುಡುಗಿಗೆ ದುಡ್ಡು ಕೊಡುವುದೆಂದರೆ ಅವಳಿಗೆ ಅವಮಾನ ಮಾಡಿದಂತೆ ಎಂದು ಅವರು ದೃಢವಾಗಿ ನಂಬಿದ್ದರು. ಈ ನಂಬಿಕೆಯಿಂದ ಅವರಿಗೆ ನಷ್ಟವೇನೂ ಇರಲಿಲ್ಲ. ವರ್ಷದ ಕೊನೆಗೆ ತಟ್ಟೆಯಲ್ಲಿ ಅರಿಸಿನ ಕುಂಕುಮ, ಎಲೆ ಅಡಿಕೆ, ಒಂದು ರವಿಕೆ ಕಣ ಇಟ್ಟು "ನಮ್ಮ ಹುಡುಗಿ, ನಮ್ಮ ಹುಡುಗಿ" ಎಂದು ಬೆನ್ನು ಸವರಿ ಕಳಿಸುತ್ತಿದ್ದರು. ಒಂದು ಕಣವನ್ನು ಅವಳು ಯಾವುದೋ ಮದುವೆಮನೆಯಲ್ಲಿ ದಾಟಿಸಿದರೆ, ಅದೇ ಹಸಿರು ಕಣ, ಅದೇ ಇಸ್ತ್ರಿ ಕಲೆಯ ಸಮೇತ, ನಾಲ್ಕು ಮನೆ ಸುತ್ತಿ ಮರುವರ್ಷ ಅವಳ ತಟ್ಟೆಗೇ ಬಂದು ಕೂತಿತು. ಅವತ್ತು ಅವಳ ಪಿತ್ತ ನೆತ್ತಿಗೇರಿತು.

ಮೂವತ್ತು ತುಂಬುತ್ತ ಬಂದಿತ್ತು. ಪಾಠ ಹೇಳಲು ಹೋಗುವ ಬಸ್ಸಿನ ಚಾರ್ಜಿಗೂ ಅಪ್ಪನ ಮುಂದೆ ಕೈ ಚಾಚಬೇಕು. ಅಪ್ಪ ಕೊಡುತ್ತಿದ್ದರು, ಕೊಡುವಾಗ ಸಣ್ಣಗೆ ನಗುತ್ತಲೂ ಇದ್ದರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಪೇಟೆಯಲ್ಲಿ ಡ್ರೈವಿಂಗ್ ಕಲಿಸುವ ನಾಗೇಶ ಗಂಟೆಗೆ ನಲವತ್ತು ತೆಗೆದುಕೊಳ್ಳುತ್ತಿದ್ದ. 'ಕ್ಲಚ್ ಬಿಡಿ, ಬ್ರೇಕ್ ಒತ್ತಿ' ಎನ್ನುವವನಿಗೆ ನಲವತ್ತಾದರೆ ಬೀಜಗಣಿತಕ್ಕೆ ಅದಕ್ಕಿಂತ ಕಡಿಮೆ ಹೇಳಬಾರದೆಂದು ತನುಜಾ ತೀರ್ಮಾನಿಸಿದಳು. ವಸ್ತಾರೆಯ ಬಸವರಾಜು ಮಾವನಿಗೇ ಮೊದಲು ಹೇಳುವುದೆಂದೂ ನಿಶ್ಚಯಿಸಿದಳು. ಅವರು ಅವಳ ತಾಯಿಯ ಅಣ್ಣ, ಬಳಗದಲ್ಲಿ ದೊಡ್ಡ ತೋಟದವರು. ಮಗ ರುದ್ರೇಶ್ ಎಸ್ಸೆಸ್ಸೆಲ್ಸಿಗೆ ಬಂದಿದ್ದ. ಮಾವ ಕೊಟ್ಟರೆ ಬಳಗವೆಲ್ಲ ಕೊಡುತ್ತದೆ. ಮಾವ ರವಿಕೆ ಕಣಕ್ಕೇ ನಿಂತರೆ ಅವಳ ಜನ್ಮವಿಡೀ ರವಿಕೆ ಕಣವೇ.

"ಗಂಟೆ ಲೆಕ್ಕವಾ?" ಮಾವ ಹೌಹಾರಿದರು. ಅದು ಕಾಫಿಗೆ ಒಳ್ಳೇ ರೇಟು ಬಂದಿದ್ದ ಕಾಲ. ಮನೆ ಮುಂದೆ ಹೊಸ ಜೀಪು ನಿಂತಿತ್ತು. "ಯಾವ ತೋಟದಲ್ಲಿದೆ ಮಾರಾಯ್ತಿ ಗಂಟೆ ಲೆಕ್ಕ? ದಿನಗೂಲಿ ಇದೆ. ಹಣ್ಣು ಕೊಯ್ಯೋವಾಗ ಕೇಜಿ ಲೆಕ್ಕ ಇದೆ. ನೀನೂ ಹಂಗೇ ಮಾಡು. ಅವನು ತೆಗೆಯೋ ಮಾರ್ಕಿಗೆ ಇಷ್ಟು ಅಂತ ತಗೋ."

"ಕೇಜಿ ಲೆಕ್ಕಕ್ಕೆ ಗಿಡದಲ್ಲಿ ಹಣ್ಣಿರಬೇಕಲ್ಲ ಮಾವ," ಎಂದಳು ತನುಜಾ.

ಬಾಗಿಲ ಹಿಂದಿದ್ದ ಮಾವನ ಹೆಂಡತಿ ಗಿರಿಜತ್ತೆ ಕಿಸಕ್ಕನೆ ನಕ್ಕರು. ಮಾವ ಮಗನ ಮುಖ ನೋಡಿದರು. ಕಾಲುವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ತಂದಿದ್ದ ಆ ಮುಖವನ್ನು ನೋಡಿದ ಮೇಲೆ ವಾದಕ್ಕೆ ಜಾಗವಿರಲಿಲ್ಲ. ಒಪ್ಪಿದರು.

ಒಪ್ಪಿದ ಮೇಲೆ ಶುರುವಾಯಿತು ನೋಡಿ. ಕೊಟ್ಟ ಕಾಸಿನಲ್ಲಿ ಒಂದು ನಿಮಿಷವೂ ಸೋರಬಾರದೆಂದು ಮಾವ ಪಾಠದ ಕೋಣೆಯಲ್ಲಿ ಟೈಂಪೀಸು ತಂದಿಟ್ಟರು. ಮೊದಲ ದಿನ ಅತ್ತೆ ನಡುವೆ ಅಕ್ಕಿ ರೊಟ್ಟಿ ತಂದಾಗ, "ರೊಟ್ಟಿ ತಿನ್ನೋಕೂ ನಲವತ್ತು ಕೊಡ್ಬೇಕಾ?" ಎಂದು ಅಂಗಳದಿಂದಲೇ ಕೂಗಿದರು. ಅಂದಿನಿಂದ ಆ ಒಂದು ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ, ಯಾರೂ ಕರೆಯುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ತಿಂಡಿಯೇನಿದ್ದರೂ ಪಾಠ ಮುಗಿದ ಮೇಲೆ.

ಡಿಸೆಂಬರಿನಲ್ಲಿ ರುದ್ರೇಶನಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿಸಿಕೊಂಡು ಮಲಗಿದ. ತನುಜಾ ವಾಪಸು ಹೊರಟರೆ ಮಾವ ಬಿಡಲಿಲ್ಲ. ತಿಂಗಳ ದುಡ್ಡು ಮುಂಗಡ ಕೊಟ್ಟಾಗಿತ್ತು.

"ಗಿರಿಜಾ, ನೀನಾದ್ರೂ ಕೂತ್ಕೋ. ಕೇಳಿಸ್ಕೊಂಡು ಆಮೇಲೆ ಅವನಿಗೆ ಹೇಳು."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಒಂಬತ್ತನೇ ತರಗತಿಯಲ್ಲಿದ್ದಾಗ ಮದುವೆಯಾಗಿ ಬಂದವರು. ಬಹಳ ಹೊತ್ತು ಅವರ ಕಿವಿ ಬಾಗಿಲ ಕಡೆಗೇ ಇತ್ತು, ಈಗ ಕರೆದಾರು, ಆಗ ಕರೆದಾರು ಎಂದು. ಯಾರೂ ಕರೆಯಲಿಲ್ಲ. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ ಪುಸ್ತಕ ನೋಡಿದರು. ಇಬ್ಬರು ಕೆಲಸಗಾರರು ಸೇರಿ ಗೋಡೆ ಕಟ್ಟುವ ಲೆಕ್ಕ.

"ಇವ್ರಿಬ್ರೂ ಊಟಕ್ಕೆ ಬಿಡೋದಿಲ್ವೇನೇ?" ಎಂದು ಕೇಳಿದರು.

"ಇಲ್ಲ ಅತ್ತೆ, ಪುಸ್ತಕದಲ್ಲಿ ಬಿಡೋದಿಲ್ಲ."

"ಹಂಗಾದ್ರೆ ಗಂಡಸ್ರಲ್ಲ ಬಿಡು," ಎಂದು ಅತ್ತೆ ಲೆಕ್ಕ ಬಿಡಿಸಲು ಕೂತರು. ಮೂರನೇ ಸಲಕ್ಕೆ ಉತ್ತರ ಸರಿ ಬಂತು. ಹುಡುಗನ ಕೆನ್ನೆ ಇಳಿಯುವಷ್ಟರಲ್ಲಿ ಅವರು ಎರಡು ಪಾಠ ಮುಗಿಸಿದ್ದರು.

ರುದ್ರೇಶ್ ಹೇಗೋ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ಮಾವ ಊರಿಗೆಲ್ಲ ಸಿಹಿ ಹಂಚಿ, ಟ್ಯೂಷನ್ ನಿಲ್ಲಿಸಿದರು. ಬಳಗದ ಆರೇಳು ಮನೆಗಳು, ಮುಖ ಹುಳ್ಳಗೆ ಮಾಡಿಕೊಂಡಾದರೂ, ನಲವತ್ತಕ್ಕೆ ಒಪ್ಪಿಕೊಂಡಿದ್ದವು. ಕೊನೆಯ ದಿನ ತನುಜಾ ಗೇಟು ದಾಟುತ್ತಿದ್ದಾಗ ಗಿರಿಜತ್ತೆ ಹಿಂದೆಯೇ ಓಡಿ ಬಂದರು.

"ಮನೇಲೇ ಓದಿ ಎಸ್ಸೆಸ್ಸೆಲ್ಸಿ ಕಟ್ಟಬೋದಂತಲ್ಲ. ನಂಗೆ ಹೇಳಿಕೊಡ್ತೀಯಾ?"

ತನುಜಾಳ ಕಣ್ಣು ತುಂಬಿತು. "ಖಂಡಿತ ಅತ್ತೆ. ನಿಮ್ ಹತ್ರ ದುಡ್ಡು ತಗೊಳ್ತೀನಾ? ಸುಮ್ನೆ ಹೇಳಿಕೊಡ್ತೀನಿ."

ಅತ್ತೆಯ ಮುಖ ಗಂಟಿಕ್ಕಿತು. ಇಷ್ಟು ವರ್ಷದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ತನುಜಾ ನೋಡಿದ್ದು ಅದೇ ಮೊದಲು.

"ಬಿಟ್ಟಿ ಗಂಟೆ ಈ ಮನೇಲಿ ನಂಗೆ ಬೇಕಾದಷ್ಟಿದ್ಯೇ. ಅದ್ರಲ್ಲಿ ಒಂದಾದ್ರೂ ನನ್ನದಾ? ನೀನು ಸುಮ್ನೆ ಹೇಳಿಕೊಟ್ರೆ ನಡುವೆ ಹತ್ತು ಸಲ ಕರೀತಾರೆ. ದುಡ್ಡು ಕೊಟ್ರೆ ಯಾರೂ ಕರಿಯಲ್ಲ. ಡೈರಿ ಹಾಲಿನ ದುಡ್ಡು ನಂದೇ ಇದೆ. ಐದು ರೂಪಾಯಿ ಜಾಸ್ತಿನೇ ಹೇಳು."

ತನುಜಾಳಿಗೆ ನಾಚಿಕೆಯಾಯಿತು. ಬಳಗದವರು ಇಷ್ಟು ವರ್ಷ ತನಗೆ ಮಾಡಿದ್ದನ್ನೇ ತಾನು ಅತ್ತೆಗೆ ಮಾಡಲು ಹೊರಟಿದ್ದಳು, ಅದೂ ಅದೇ ಪ್ರೀತಿಯಿಂದ. "ನಲವತ್ತೈದು," ಎಂದಳು.

ಮುಂದಿನ ಸೋಮವಾರ ಪಾಠ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮಾವ ಬಂದು ಬಾಗಿಲಲ್ಲಿ ನಿಂತರು.

"ಗಿರಿಜಾ, ಒಂದು ಲೋಟ ಕಾಫಿ."

ಅತ್ತೆ ತಲೆಯೆತ್ತಲಿಲ್ಲ. "ಗಂಟೆ ನಡೀತಿದೆ ಕಣ್ರೀ. ನಲವತ್ತೈದು ರೂಪಾಯಿ."

ಮಾವ ಟೈಂಪೀಸು ನೋಡಿದರು, ಹೆಂಡತಿಯನ್ನು ನೋಡಿದರು, ತಾವೇ ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಹಾಕುವ ಸದ್ದು ಕೇಳತೊಡಗಿತು. ಪಾತ್ರೆಯೊಂದು ಉರುಳಿ ಬಿತ್ತು. ತನುಜಾ ಗಾಬರಿಯಿಂದ ಏಳಲು ಹೋದಳು.

"ಸಕ್ಕರೆ ಹುಡುಕ್ತಿದ್ದಾರೆ. ಹುಡುಕ್ಲಿ ಬಿಡು," ಎಂದರು ಅತ್ತೆ, ಹಾಳೆ ತಿರುಗಿಸುತ್ತ. "ಮುಂದಿನ ಲೆಕ್ಕ ಹೇಳು."