ಕರೆದರೆ ಹೆದರಬೇಡಿ

ಫಿಲ್ಮುಗಳು ಕವರಿಗೆ ಇಳಿಯುವ ಸರಸರ ಸದ್ದು ಶುರುವಾದರೆ ಹೊಸಂಗಡಿಯ ಸ್ಕ್ಯಾನಿಂಗ್ ಸೆಂಟರಿನ ಮೂಲೆಯ ಕುರ್ಚಿಯಲ್ಲಿ ಜಲಜಾಕ್ಷಿ ಟೀಚರ್ ಕುಳಿತಿರುತ್ತಾರೆ; ಅವರು ಒಳಗೆ ಬಂದದ್ದನ್ನು ಕೌಂಟರಿನ ಅಫೀಫಾ ಒಮ್ಮೆಯೂ ಕಂಡಿಲ್ಲ. ಮ್ಯಾಮೊಗ್ರಾಮ್ ಮುಗಿಸಿ ಬಂದವರ ಕೈಯನ್ನು ತಣ್ಣನೆಯ ಬೆರಳುಗಳಿಂದ ಹಿಡಿದು, “ಎರಡು ದಿನ ನೋವುಂಟು, ಮತ್ತೆ ಎಂತದೂ ಇಲ್ಲ. ಪುನಃ ಕರೆದರೆ ಹೆದರಬೇಡಿ ಮಾರಾಯ್ರೇ, ಪಟ ಸರಿ ಬಾರದಿದ್ದರೂ ಕರೀತಾರೆ. ಬಾರದೆ ಮಾತ್ರ ಕೂರಬೇಡಿ,” ಎನ್ನುತ್ತಾರೆ. ಅವರದೇ ಮ್ಯಾಮೊಗ್ರಾಮಿನ ಕವರು ಓಣಂ ರಜೆಯಿಂದ ಸೆಂಟರಿನ ಕಪಾಟಿನಲ್ಲಿದೆ. ಅಫೀಫಾ ಮೂರು ಸಲ ಫೋನ್ ಮಾಡಿದಾಗಲೂ ಟೀಚರರದೇ ಸ್ವರ, “ಟೀಚರ್ ಇಲ್ಲಿಲ್ಲ,” ಎಂದಿತ್ತು. ಇವತ್ತು ಅವಳೇ ಹತ್ತಿರ ಹೋಗಿ ಹೇಳಿದಳು, “ಟೀಚರೇ, ಪಟ ಪುನಃ ತೆಗೀಬೇಕಂತೆ. ಡಾಕ್ಟರು ಒಳಗೇ ಇದ್ದಾರೆ.” “ಯಾರದ್ದು, ಪಾಪ?” ಎಂದರು ಟೀಚರ್. “ನಿಮ್ಮದೇ,” ಎಂದು ಅವಳು ಹೇಳಿ ಮುಗಿಸುವ ಮೊದಲೇ ಎದ್ದು, ಬಾಗಿಲು ದಾಟಿ, ಹೆದ್ದಾರಿಯ ಕಡೆ ನಡೆದರು.